ದೀಪದ ಹಣ ಕೋರ್ಟಿನ ದಾರಿಖರ್ಚಿಗೆ

ಮಾನ್ಯ ಸಂಪಾದಕರೇ,

ಕಳೆದ ದೀಪಾವಳಿಯ ಎರಡನೆಯ ರಾತ್ರಿ, ಹನ್ನೊಂದರ ಹೊತ್ತಿಗೆ ನಮ್ಮ ಅಂಗಳಕ್ಕೆ ಬಂದ ಅಂಟಿಗೆ ಪಂಟಿಗೆ ಮೇಳದಲ್ಲಿ ದೀಪ ಹಿಡಿದು ನಿಂತವಳು ಒಬ್ಬ ಹುಡುಗಿ. ಹೊಸನಗರ ತಾಲ್ಲೂಕಿನ ಈ ಊರಿಗೆ ನಾನು ಮದುವೆಯಾಗಿ ಬಂದು ಮೂವತ್ತೆಂಟು ವರ್ಷವಾಯಿತು. ಅಷ್ಟೂ ವರ್ಷ ಗಂಡಸರ ಮೇಳವನ್ನೇ ಕಂಡಿದ್ದ ನನಗೆ, ಎಣ್ಣೆಯ ಗಿಂಡಿ ಹಿಡಿದು ಜಗುಲಿಗೆ ಬಂದಾಗ ಏನು ಹೇಳಬೇಕೆಂದೇ ತೋಚಲಿಲ್ಲ. ಪದ ಹೇಳಿ ಮುಗಿಸಿ, ನಮ್ಮ ಹಣತೆಗೆ ದೀಪ ಹಚ್ಚಿಕೊಟ್ಟು, ಎಣ್ಣೆ ಹೊಯ್ಯಿಸಿಕೊಂಡ ಮೇಲೆ, ಹಿಂದೆ ನಿಂತಿದ್ದ ಹುಡುಗನೊಬ್ಬ ಹೆಗಲ ಚೀಲದಿಂದ ರಸೀದಿ ಪುಸ್ತಕ ತೆಗೆದು, ‘ಟೀಚರೇ, ಈ ಸಲದ ದುಡ್ಡು ನಮ್ಮ ಊಟಕ್ಕಲ್ಲ, ಹೆಂಗಸರು ಕೋರ್ಟು ಕಚೇರಿ ಅಂತ ಓಡಾಡ್ತಾರಲ್ಲ, ಅದರ ಖರ್ಚಿಗೆ’ ಎಂದ. ನಾನೇ ಅಕ್ಷರ ತಿದ್ದಿಸಿದ ಹುಡುಗ. ಇನ್ನೂರು ರೂಪಾಯಿ ಕೊಟ್ಟು ರಸೀದಿ ಪಡೆದು, ಅದನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಮರೆತೂಬಿಟ್ಟೆ. ಯುಗಾದಿ ಕಳೆದ ಮೇಲೆ ಅವನೂ ದೀಪ ಹಿಡಿದಿದ್ದ ಆ ಹುಡುಗಿಯೂ ಮತ್ತೆ ಬಂದು, ಖರ್ಚಿನ ಪಟ್ಟಿಯ ಒಂದು ಪ್ರತಿಯನ್ನು ಕೈಗಿಟ್ಟು ಹೋದರು. ಈ ಪತ್ರಕ್ಕೆ ಆ ಒಂದು ಹಾಳೆಯೇ ಕಾರಣ.

ಶಿವಮೊಗ್ಗ ಪೇಟೆಯ ಹೊಸ ತಲೆಮಾರಿನವರಲ್ಲಿ ಅಂಟಿಗೆ ಪಂಟಿಗೆಯನ್ನು ವೇದಿಕೆಯ ಮೇಲೆ ಮಾತ್ರ ನೋಡಿದವರು ಇರಬಹುದಾದ್ದರಿಂದ ಎರಡು ಮಾತು ಹೇಳುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದೀಪಾವಳಿಯ ರಾತ್ರಿಗಳಲ್ಲಿ ಊರಿನ ಒಂದು ಗುಂಪು ದೀಪ ಹೊತ್ತು, ಗದ್ದೆಯಂಚು ದಾಟಿ, ಹಳ್ಳ ದಾಟಿ ಮನೆಯಿಂದ ಮನೆಗೆ ಪದ ಹೇಳುತ್ತ ಹೋಗುತ್ತದೆ. ಆ ದೀಪದಿಂದ ಪ್ರತಿ ಮನೆಯವರೂ ತಮ್ಮ ದೀಪ ಹೊತ್ತಿಸಿಕೊಳ್ಳುತ್ತಾರೆ. ಮನೆಯವರು ಎಣ್ಣೆ, ಅಕ್ಕಿ, ತೆಂಗಿನಕಾಯಿ, ಕಾಸು, ಇದ್ದರೆ ಒಂದಿಷ್ಟು ಹಬ್ಬದ ತಿಂಡಿ ಕೊಡುತ್ತಾರೆ. ಕೂಡಿದ್ದರಲ್ಲಿ ಹಬ್ಬ ಕಳೆದ ಮೇಲೆ ಮೇಳದವರ ಊಟವಾಗುತ್ತದೆ, ಇಲ್ಲವೇ ಗುಡಿಗೊಂದು ಸಾಮಾನು ಬರುತ್ತದೆ. ಚಂದಾ ಎತ್ತುವುದು ಎಂಬ ಮಾತಿಗೆ ಈಗ ಬಂದಿರುವ ಕೆಟ್ಟ ಹೆಸರು ಈ ಪದ್ಧತಿಗೆ ಬಂದಿಲ್ಲದಿರುವುದಕ್ಕೆ ಕಾರಣ ಸರಳವಾಗಿದೆ: ಅವರು ಬರಿಗೈಯಲ್ಲಿ ಬಂದು ಕೈಚಾಚುವುದಿಲ್ಲ, ದೀಪ ಕೊಟ್ಟು ಎಣ್ಣೆ ಕೇಳುತ್ತಾರೆ. 1927ರಲ್ಲಿ ಖಾದಿ ನಿಧಿಗೆಂದು ನಮ್ಮ ಸೀಮೆಗೂ ಬಂದುಹೋದ ಗಾಂಧೀಜಿ, ತಮಗೆ ಬಂದ ಮಾನಪತ್ರಗಳನ್ನೂ ಕಾಣಿಕೆಗಳನ್ನೂ ಸಭೆಗಳಲ್ಲೇ ಹರಾಜಿಗೆ ಹಾಕುತ್ತಿದ್ದವರು. ಜನರಿಂದ ಹಣ ಕೂಡಿಸುವುದಕ್ಕೂ ಒಂದು ಕಲೆ ಬೇಕೆಂಬುದು ಹೊಸ ವಿಷಯವೇನಲ್ಲ.

ಇನ್ನು ಆ ಹಾಳೆಯ ವಿಚಾರ. ಮೂರು ರಾತ್ರಿಗಳಲ್ಲಿ ಕೂಡಿದ ಮೊತ್ತ ದೊಡ್ಡದೇನಲ್ಲ. ಈಗಿನ ಮದುವೆಯೊಂದರ ಮಂಟಪದ ಹೂವಿಗೂ ಅದು ಸಾಲದು. ನನ್ನ ಗಮನ ಸೆಳೆದದ್ದು ಖರ್ಚಿನ ಬಾಬ್ತುಗಳು. ಬಸ್ ಚಾರ್ಜು, ಜೆರಾಕ್ಸು, ದೃಢೀಕೃತ ನಕಲಿನ ಶುಲ್ಕ, ಪಾಸ್‌ಪೋರ್ಟ್ ಅಳತೆಯ ಫೋಟೋ, ಮಧ್ಯಾಹ್ನದ ಊಟ, ಮೊಬೈಲಿಗೆ ಕರೆನ್ಸಿ, ‘ಕೂಲಿ ಬದಲಿ’ ಎಂಬ ಹೆಸರಿನಲ್ಲಿ ನಾಲ್ಕೈದು ಕಡೆ ಬರೆದ ಮೊತ್ತ, ಕೊನೆಗೆ ಒಂದು ತೂಕದ ಯಂತ್ರ. ಹೊಲಿಗೆ ಯಂತ್ರ ವಿತರಣೆಯಿಲ್ಲ, ಸೀರೆ ಹಂಚಿಕೆಯಿಲ್ಲ, ಶಾಲು ಹಾರಗಳ ಸನ್ಮಾನವಿಲ್ಲ. ಯಾವ ಹೆಣ್ಣಿನ ಹೆಸರೂ ಇಲ್ಲ. ಹೆಸರಿನ ಜಾಗದಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿದ್ದಾರೆ.

ಬಡತನದ ವಿರುದ್ಧ, ಮಹಿಳೆಯರ ಹಕ್ಕಿನ ಪರವಾಗಿ ಎಂದು ಹಣ ಕೂಡಿಸುವ ತರುಣರು ಆ ಹಣವನ್ನು ಎಲ್ಲಿ ಸುರಿಯಬೇಕೆಂದು ಕೇಳಿದರೆ, ನನ್ನ ಉತ್ತರ ಈ ಹಾಳೆಯಲ್ಲಿದೆ. ಕಾನೂನು ಹೆಣ್ಣಿಗೆ ಬಹಳಷ್ಟನ್ನು ಪುಕ್ಕಟೆಯಾಗಿ ಕೊಟ್ಟಿದೆ, ಆದರೆ ಅದು ಇರುವ ಜಾಗಕ್ಕೆ ಹೋಗಿ ಬರುವ ದಾರಿ ಪುಕ್ಕಟೆಯಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಯಾವ ಹೆಣ್ಣುಮಗಳಿಗಾದರೂ, ಆಕೆಯ ವರಮಾನ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ಸಿಗಬೇಕು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ, ಸಾಮಾನ್ಯವಾಗಿ ಅರ್ಜಿ ಬಂದ ಮೂರು ದಿನಗಳೊಳಗಿನ ದಿನವೊಂದು ಮೊದಲ ವಿಚಾರಣೆಗೆ ಗೊತ್ತಾಗಬೇಕು, ಆ ವಿಚಾರಣೆಯಿಂದ ಅರವತ್ತು ದಿನಗಳಲ್ಲಿ ಅರ್ಜಿ ಇತ್ಯರ್ಥಪಡಿಸಲು ನ್ಯಾಯಾಲಯ ಯತ್ನಿಸಬೇಕು. ನೆರವಿಗೆ 181 ಸಹಾಯವಾಣಿ ಇದೆ, ಜಿಲ್ಲಾ ಕೇಂದ್ರದಲ್ಲಿ ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ಒಂದೇ ಕಡೆ ನೆರವು ಕೊಡುವ ಸಖಿ ಕೇಂದ್ರವಿದೆ, ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಇವೆಲ್ಲ ಗೋಡೆಯ ಮೇಲಿನ ಬರಹಗಳಲ್ಲ, ನಿಜಕ್ಕೂ ಇರುವ ವ್ಯವಸ್ಥೆಗಳೇ. ಆದರೆ 181ಕ್ಕೆ ಕರೆ ಮಾಡಲು ನಮ್ಮೂರಿನ ಕೆಳಗಿನ ಕೇರಿಯವರು ಗುಡ್ಡದ ತಲೆಗೆ ಹತ್ತಿ ಸಿಗ್ನಲ್ ಹುಡುಕಬೇಕು, ಮಳೆಗಾಲದಲ್ಲಿ ಕರೆಂಟು ಹೋದರೆ ಅಲ್ಲೂ ಸಿಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ, ಗುರುತು ಸಿಗದಷ್ಟು ಮರೆಮಾಚಿ. ಪಟ್ಟಿಯಲ್ಲಿ ‘ಎರಡು’ ಎಂದಿರುವ ಹೆಂಗಸು ಅಡಿಕೆ ಸುಲಿಯಲು ನಮ್ಮ ಮನೆಗೂ ಬರುತ್ತಾಳೆ. ಕೊಯ್ಲಿನ ದಿನಗಳಲ್ಲಿ ಸಂಜೆ ಕೂತವಳು ನಡುರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದಿನಿಂದ ಏಳುವುದಿಲ್ಲ. ಹಸಿ ಅಡಿಕೆಯ ಕರೆ ಹಿಡಿದು ಅವಳ ಹೆಬ್ಬೆರಳು, ತೋರುಬೆರಳು ಕಪ್ಪಾಗಿ, ತೊಗಲು ಸಿಪ್ಪೆಯೆದ್ದು, ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಬೆರಳೊತ್ತಿದರೆ ಅದು ಗುರುತನ್ನೇ ಒಪ್ಪುವುದಿಲ್ಲ. ಸೋಪು ಹಾಕಿ ತಿಕ್ಕಿ, ಸೆರಗಿಗೆ ಒರೆಸಿ, ಮತ್ತೆ ಒತ್ತಿ, ಮತ್ತೆ ಒರೆಸಿ, ಹಿಂದಿನವರು ಗೊಣಗುವುದನ್ನು ಕೇಳಿಸಿಕೊಳ್ಳುತ್ತ ನಿಂತಿದ್ದ ಅವಳನ್ನು ನಾನೇ ಕಂಡಿದ್ದೇನೆ. ಕುಡಿದು ಬಂದು ಹೊಡೆಯುವ ಗಂಡನ ಮೇಲೆ ಅರ್ಜಿ ಹಾಕಬೇಕೆಂದು ಅವಳು ತೀರ್ಮಾನಿಸಿ ಎರಡು ವರ್ಷವಾಗಿತ್ತು. ಹಾಕಿರಲಿಲ್ಲ. ಧೈರ್ಯ ಇಲ್ಲದೆ ಅಲ್ಲ. ಒಂದು ದಿನ ಪೇಟೆಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಸುಲಿಯುವ ದಿನಗಳು ಮುಗಿದರೆ ಆ ಕೂಲಿ ಮತ್ತೆ ಬರುವುದು ಮುಂದಿನ ವರ್ಷಕ್ಕೆ.

ಮೇಳದ ಹುಡುಗಿಯರಲ್ಲಿ ಒಬ್ಬಳು ಅವಳ ಜೊತೆಗೆ ಮೂರು ಸಲ ಪೇಟೆಗೆ ಹೋಗಿ ಬಂದಿದ್ದಾಳೆ. ಮೊದಲನೆಯ ಸಲ, ಕೌಟುಂಬಿಕ ದೌರ್ಜನ್ಯದ ದೂರು ನೋಡುವ ರಕ್ಷಣಾಧಿಕಾರಿಯೂ ಆಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರ ಕಚೇರಿಗೆ. ಎರಡನೆಯ ಸಲ, ಕಾನೂನು ಸೇವಾ ಸಮಿತಿಗೆ. ಮೂರನೆಯ ಸಲ ಕೋರ್ಟಿಗೆ. ನಿಧಿಯಿಂದ ಹೋದದ್ದು ಇಬ್ಬರ ಬಸ್ ಚಾರ್ಜು, ಊಟ, ಕಾಗದಪತ್ರದ ಖರ್ಚು ಮತ್ತು ಆ ಮೂರು ದಿನಗಳ ಕೂಲಿ. ಓದುಗರಲ್ಲಿ ಕೆಲವರು, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಲ್ಲವೇ ಎಂದು ಕೇಳಬಹುದು. ಉಚಿತವೇ, ಸರ್ಕಾರಿ ಬಸ್ಸು ಬರುವ ಊರಿನವರಿಗೆ. ನಮ್ಮ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅದರಲ್ಲಿ ಹೆಂಗಸರಿಗೂ ಪೂರ್ತಿ ಟಿಕೆಟ್ಟು. ಬಯಲುಸೀಮೆಯ ಹೆಂಗಸು ಖರ್ಚಿಲ್ಲದೆ ಹೋಗಿ ಬರುವ ದಾರಿಗೆ ಮಲೆನಾಡಿನ ಹೆಂಗಸು ದುಡ್ಡು ತೆರುತ್ತಾಳೆ ಎಂಬುದನ್ನು ಆಡಳಿತದವರ ಗಮನಕ್ಕೂ ಈ ಪತ್ರದ ಮೂಲಕ ತರುತ್ತೇನೆ. ಆ ಅರ್ಜಿ ಏನಾಯಿತು ಎಂಬುದನ್ನು ಇಲ್ಲಿ ಬರೆಯಲಾರೆ, ಅದು ಅವಳ ಮನೆಯ ವಿಷಯ.

ತೂಕದ ಯಂತ್ರದ ಬಾಬ್ತನ್ನು ಓದಿದಾಗ ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು: ಸುಲಿದ ಅಡಿಕೆಗೆ ಕೂಲಿ ಲೆಕ್ಕ ಹಾಕುವುದು ಕೆಲವು ಮನೆಗಳಲ್ಲಿ ಡಬ್ಬದ ಅಳತೆಯಲ್ಲಿ, ಕೆಲವು ಕಡೆ ಕಿಲೋ ಲೆಕ್ಕದಲ್ಲಿ. ಎರಡರಲ್ಲೂ ಅಳೆಯುವ ಸಾಧನ ತೋಟದವರದೇ. ಡಬ್ಬವನ್ನು ಗೋಪುರದ ಹಾಗೆ ತುಂಬಿಸುವುದು, ಕುಲುಕಿಸಿ ಮತ್ತೆ ತುಂಬಿಸುವುದು ನಮ್ಮಂಥವರ ಮನೆಗಳಲ್ಲೂ ನಡೆದುಬಂದ ರೂಢಿ. ಇದನ್ನು ಬರೆಯುವಾಗ ನನಗೂ ಸ್ವಲ್ಪ ನಾಚಿಕೆಯಾಗುತ್ತಿದೆ. ಹುಡುಗರು ಒಂದು ಸಣ್ಣ ತೂಕದ ಯಂತ್ರ ತಂದು ಸುಲಿಯುವ ಹೆಂಗಸರ ಕೈಗೇ ಕೊಟ್ಟಿದ್ದಾರೆ. ಅವರು ಅದನ್ನು ಕೆಲಸಕ್ಕೆ ಹೋದ ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಜಗಳವಾಡುವುದಿಲ್ಲ, ತೂಗಿ ಗೋಡೆಯ ಮೇಲೆ ಇದ್ದಿಲಲ್ಲಿ ಬರೆದಿಡುತ್ತಾರೆ. ಗೇಣಿ ಅಳೆಯುವ ಕೊಳಗ ದೊಡ್ಡದೆಂಬ ತಕರಾರಿನಿಂದ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು 1951ರಲ್ಲಿ ಎದ್ದು ನಿಂತದ್ದನ್ನು ನಾವು ಮಕ್ಕಳಿಗೆ ಪಾಠವಾಗಿ ಹೇಳಿದ್ದೇವೆ. ಅದೇ ಜಿಲ್ಲೆಯಲ್ಲಿ ಹೆಂಗಸರ ಡಬ್ಬ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಗಂಡು ಹೆಣ್ಣಿನ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬ ಕಾಯ್ದೆ 1976ರಲ್ಲೇ ಬಂದಿದ್ದರೂ ತೋಟದ ಕೆಲಸದ ಕೂಲಿಯಲ್ಲಿ ಇವತ್ತಿಗೂ ವ್ಯತ್ಯಾಸವಿದೆ. ಅದರ ಬಗ್ಗೆ ಬೇರೆಯೇ ಪತ್ರ ಬೇಕು.

ಇದೇ ಗುಂಪಿನವರು ಮಳೆಗಾಲದಲ್ಲಿ ಕೆಸರುಗದ್ದೆ ಆಟ ಇಟ್ಟುಕೊಂಡು ಪ್ರವೇಶ ಶುಲ್ಕದಿಂದ ಇನ್ನಷ್ಟು ಹಣ ಕೂಡಿಸಿದರು. ಹೆಂಗಸರ ಹಗ್ಗಜಗ್ಗಾಟಕ್ಕೆ ಬಂದಷ್ಟು ಜನ ಗಂಡಸರ ಓಟಕ್ಕೆ ಬರಲಿಲ್ಲ ಎಂಬುದು ಬೇರೆ ಮಾತು. ಆಟದ ನಡುವಿನ ಬಿಡುವಿನಲ್ಲಿ ಹತ್ತು ನಿಮಿಷದ ಒಂದು ಪ್ರಹಸನ ಆಡಿದರು: ತಂಗಿಯನ್ನು ಹಬ್ಬಕ್ಕೆ ಕರೆದು, ಹೋಳಿಗೆ ಬಡಿಸಿ, ಸೀರೆ ಕೊಟ್ಟು, ಊಟದ ಮೇಲೆ ‘ಇಲ್ಲೊಂದು ಸಹಿ ಹಾಕು ತಂಗಿ’ ಎಂದು ಹಕ್ಕುಬಿಡುಗಡೆ ಪತ್ರ ಮುಂದಿಡುವ ಅಣ್ಣ. ನಕ್ಕವರಲ್ಲಿ ಅರ್ಧ ಜನ ಅಂಥ ಪತ್ರಕ್ಕೆ ಸಹಿ ಹಾಕಿದವರು, ಇನ್ನರ್ಧ ಹಾಕಿಸಿಕೊಂಡವರು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕೆಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು, ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ತಿದ್ದುಪಡಿ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ಹೇಳಿತು. ಆಟ ಮುಗಿದ ಮೇಲೆ ಇಬ್ಬರು ಮುದುಕಿಯರು ಆ ಹುಡುಗಿಯರನ್ನು ಬದಿಗೆ ಕರೆದು, ಈಗಾಗಲೇ ಹಾಕಿದ ಸಹಿಗೆ ಏನಾದರೂ ಮಾಡಬಹುದೇ ಎಂದು ಕೇಳಿದ್ದನ್ನು ನಾನು ನೋಡಿದೆ. ನೋಂದಣಿಯಾದ ಪತ್ರವನ್ನು ಹಾಗೆ ಸುಲಭವಾಗಿ ತೆಗೆಯಲಾಗುವುದಿಲ್ಲ. ಅವರನ್ನು ವಕೀಲರ ಹತ್ತಿರ ಕರೆದುಕೊಂಡು ಹೋಗುವ ಖರ್ಚು ಈ ವರ್ಷದ ಪಟ್ಟಿಯಲ್ಲಿ ಬರುತ್ತದೆ.

ಹಣ ಕೂಡಿಸುವ ಎಲ್ಲ ಉತ್ಸಾಹವನ್ನೂ ಹೊಗಳಲಾರೆ. ಕೆಲವು ವರ್ಷಗಳ ಹಿಂದೆ ಪೇಟೆಯ ಒಂದು ಸಭಾಂಗಣದಲ್ಲಿ ನಡೆದ ಸಹಾಯಾರ್ಥ ಸಂಗೀತ ಕಾರ್ಯಕ್ರಮಕ್ಕೆ ನಾನು ಟಿಕೆಟ್ಟು ಕೊಂಡು ಹೋಗಿದ್ದೆ. ಹಾಡುಗಳು ಚೆನ್ನಾಗಿದ್ದವು. ಕೊನೆಯಲ್ಲಿ ಆರು ಜನ ಹೆಂಗಸರನ್ನು ವೇದಿಕೆಗೆ ಹತ್ತಿಸಿ, ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕನ್ನು ಅವರ ಕೈಗೆ ಹಿಡಿಸಿ, ಪ್ರತಿಯೊಬ್ಬಳ ಕಷ್ಟವನ್ನೂ ಮೈಕಿನಲ್ಲಿ ಓದಿದರು. ಗಂಡ ಬಿಟ್ಟವಳು, ಸಾಲಕ್ಕೆ ಸಿಕ್ಕಿಕೊಂಡವಳು, ಹೀಗೆ. ಅದರಲ್ಲಿ ಒಬ್ಬಾಕೆಯ ಮಗಳು ನನ್ನ ತರಗತಿಯಲ್ಲಿದ್ದಳು. ಆ ಫೋಟೋ ಊರಿನವರ ಮೊಬೈಲುಗಳಲ್ಲಿ ಸುತ್ತಾಡಿದ ಮೇಲೆ ಆ ಮಗು ಒಂದು ವಾರ ಶಾಲೆಗೆ ಬರಲಿಲ್ಲ. ಹಣ ತಲುಪಿತೆಂಬುದನ್ನು ಒಪ್ಪುತ್ತೇನೆ, ಆದರೆ ಆ ಹಣಕ್ಕೆ ಅವರು ತೆತ್ತ ಬೆಲೆ ಯಾವ ಲೆಕ್ಕದಲ್ಲೂ ಬರಲಿಲ್ಲ. ಅಂಟಿಗೆಯ ಹುಡುಗರ ಹಾಳೆಯಲ್ಲಿ ಹೆಸರಿನ ಬದಲು ಅಂಕಿ ಇದ್ದದ್ದನ್ನು ಕಂಡಾಗ ನನಗೆ ನೆನಪಾದದ್ದು ಆ ಮಗು.

ಇನ್ನೊಂದು ಎಚ್ಚರಿಕೆಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ಸಾಗರದ ಸುತ್ತಮುತ್ತ ದೀವರ ಸಮುದಾಯದ ಹೆಂಗಸರು ಬರೆಯುವ ಹಸೆ ಚಿತ್ತಾರಕ್ಕೆ ಈಗ ಪೇಟೆಗಳಲ್ಲಿ ಬೇಡಿಕೆ ಬಂದಿದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಇವಿಷ್ಟೇ ಬಣ್ಣಗಳಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆಯುವ ಗೆರೆಗಳು ಅವು. ದೀಪಾವಳಿಗೆ ಮುಂಚೆ ಬರುವ ಭೂಮಿಪೂಜೆಯ ಹಬ್ಬವಾದ ಭೂಮಿ ಹುಣ್ಣಿಮೆಗೆ, ಗದ್ದೆಗೆ ನೈವೇದ್ಯ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೆ ಬರುವುದೂ ಅವೇ ಗೆರೆಗಳು. ಕಾಲೇಜಿನ ಹುಡುಗರು ಈ ಚಿತ್ತಾರವನ್ನು ಬಟ್ಟೆ ಚೀಲ, ಶುಭಾಶಯ ಪತ್ರ, ಹಲಗೆಗಳ ಮೇಲೆ ಬರೆಸಿ, ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಕಾಂಬಾ ಜಾತ್ರೆಯಂಥ ಕಡೆ ಮಾರಿ, ಲಾಭವನ್ನು ಹೆಂಗಸರ ನಿಧಿಗೆ ಹಾಕುವ ಯೋಚನೆಯನ್ನು ನನ್ನ ಮುಂದೆ ಹೇಳಿದಾಗ, ನಾನು ಕೇಳಿದ ಮೊದಲ ಪ್ರಶ್ನೆ: ಬರೆದವಳಿಗೆ ಎಷ್ಟು? ‘ಅವರು ಸೇವೆ ಅಂತ ಬರೆದುಕೊಡ್ತಾರೆ ಟೀಚರೇ’ ಎಂದರು. ಹೆಣ್ಣಿನ ಹಕ್ಕಿಗೆಂದು ಹಣ ಕೂಡಿಸಲು ಹೆಣ್ಣಿನ ದುಡಿಮೆಯನ್ನೇ ಪುಕ್ಕಟೆಯಾಗಿ ಪಡೆಯುವುದು ಹೇಗೆ ಸರಿ? ಬಣ್ಣ ಅರೆದು, ಕಣ್ಣು ಕಿರಿದು ಮಾಡಿ ಎರಡು ದಿನ ಕೂತು ಬರೆಯುವ ಅಜ್ಜಿಗೆ ಮೊದಲು ಕೂಲಿ ಸಿಗಲಿ, ಚಿತ್ತಾರದ ಜೊತೆ ಅವಳ ಹೆಸರಿರಲಿ, ಉಳಿದದ್ದು ನಿಧಿಗೆ ಬರಲಿ. ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. ಹೆಗ್ಗೋಡಿನ ಬಳಿಯ ಚರಕ ಸಂಸ್ಥೆಯಲ್ಲಿ ಹಳ್ಳಿಯ ಹೆಂಗಸರು ನೇಯುತ್ತಾರೆ, ಅಡಿಕೆ ಬೇಯಿಸಿ ಉಳಿದ ಚೊಗರಿನಂಥ ನೈಸರ್ಗಿಕ ಬಣ್ಣ ಕಟ್ಟುತ್ತಾರೆ, ಹೊಲಿಯುತ್ತಾರೆ. ಅಲ್ಲಿ ಕೊಳ್ಳುವವರು ದಾನ ಕೊಡುವುದಿಲ್ಲ, ಬಟ್ಟೆ ಕೊಳ್ಳುತ್ತಾರೆ.

ಕೂಡಿದ ಹಣದಲ್ಲಿ ಹೆಂಗಸರ ಸಂಘದ ಸಾಲ ತೀರಿಸಬೇಕೆಂಬ ಒತ್ತಾಯವೂ ಬಂದಿತ್ತಂತೆ. ವಾರದ ಕಂತಿಗೆ ಬಂದು ಹೊಸ್ತಿಲಲ್ಲಿ ಕೂರುವವರ ಕಾಟ ನಮ್ಮಲ್ಲೂ ಇದೆ, ಹಾಗೆ ಕೇಳುವವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಹುಡುಗರು ಒಪ್ಪದಿದ್ದುದು ಸರಿಯೆಂದೇ ನನ್ನ ಅಭಿಪ್ರಾಯ. ಸಣ್ಣ ನಿಧಿಯೊಂದು ಆ ಬಾಯಿಗೆ ಬಿದ್ದರೆ ಒಂದೇ ವಾರದಲ್ಲಿ ಮುಗಿಯುತ್ತದೆ, ಸಾಲ ಮಾತ್ರ ಮುಗಿಯುವುದಿಲ್ಲ. ಬಲವಂತದ ವಸೂಲಿಯನ್ನು ಶಿಕ್ಷಾರ್ಹವಾಗಿಸುವ ಸುಗ್ರೀವಾಜ್ಞೆಯನ್ನು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ತಂದಿತು, ಅದೇ ವರ್ಷ ಅದು ಕಾಯ್ದೆಯೂ ಆಯಿತು. ಅದರ ಕೆಳಗೆ ದೂರು ಬರೆದುಕೊಡುವುದು, ಠಾಣೆಗೆ ಜೊತೆಯಲ್ಲಿ ಹೋಗುವುದು ಇಂಥದ್ದಕ್ಕೆ ನಿಧಿ ಬಳಸಿದರೆ ಅದು ಇನ್ನೊಬ್ಬಳಿಗೂ ಉಳಿಯುತ್ತದೆ.

ಲೆಕ್ಕದ ವಿಚಾರದಲ್ಲಿ ನಾನು ಹಳೆಯ ಕಾಲದವಳು. ಯಾರದೋ ಸ್ವಂತ ಖಾತೆಯ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಹಂಚಿ ‘ಕೈಲಾದಷ್ಟು ಹಾಕಿ’ ಎನ್ನುವವರಿಗೆ, ಅವರು ಎಷ್ಟೇ ಒಳ್ಳೆಯವರಾಗಿರಲಿ, ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ಈ ಮೇಳದವರು ಮೂವರ ಹೆಸರಿನ ಜಂಟಿ ಖಾತೆ ತೆರೆದಿದ್ದಾರೆ, ಮೂವರಲ್ಲಿ ಇಬ್ಬರು ಹುಡುಗಿಯರು, ಇಬ್ಬರ ಸಹಿಯಿಲ್ಲದೆ ಹಣ ಹೊರಗೆ ಬರುವುದಿಲ್ಲ. ಅಕ್ಕಿ, ಕಾಯಿಗಳನ್ನು ಎಷ್ಟಕ್ಕೆ ಮಾರಿದರೆಂಬುದೂ ರೋಕಡಿ ಪುಸ್ತಕದಲ್ಲಿದೆ. ನಾಳೆ ಕೆಲಸ ದೊಡ್ಡದಾದರೆ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ನೋಂದಾಯಿಸಿಕೊಳ್ಳಬಹುದು, ಲೆಕ್ಕ ಪರಿಶೋಧನೆ ಮಾಡಿಸಬಹುದು ಎಂದು ಹೇಳಿದ್ದೇನೆ. ಸದ್ಯಕ್ಕೆ ಪಟ್ಟಿಯನ್ನು ಹಾಲಿನ ಡೈರಿಯ ಹಲಗೆಗೆ ಅಂಟಿಸಿದ್ದಾರೆ. ಬೆಳಿಗ್ಗೆ ಸಂಜೆ ಊರಿನವರೆಲ್ಲ ಬರುವ ಜಾಗ ಅದೊಂದೇ.

ಹಿರಿಯರ ಆಕ್ಷೇಪಣೆಗಳನ್ನೂ ಹೇಳದಿದ್ದರೆ ಪತ್ರ ಪೂರ್ತಿಯಾಗದು. ಹಬ್ಬದ ದೀಪವನ್ನು ಇಂಥ ಕೆಲಸಕ್ಕೆ ಎಳೆಯಬಾರದು ಎಂಬುದು ಒಂದು. ದೀಪ ಹೊರುವ ಕ್ರಮ, ಪದ ಹೇಳುವ ಕ್ರಮ ಯಾವುದನ್ನೂ ಅವರು ಬದಲಿಸಿಲ್ಲ, ಕೊನೆಯ ಊಟವನ್ನು ಮಾತ್ರ ತಮ್ಮ ತಮ್ಮ ಮನೆಯಲ್ಲಿ ಮಾಡಿದ್ದಾರೆ. ಆದ್ದರಿಂದ ಆ ಆಕ್ಷೇಪಣೆ ನಿಲ್ಲಲಾರದು. ಎರಡನೆಯದು, ಹೆಣ್ಣುಮಕ್ಕಳು ನಡುರಾತ್ರಿಯಲ್ಲಿ ಊರೂರು ತಿರುಗುವುದು ಶೋಭೆಯಲ್ಲ ಎಂಬುದು. ದೀಪಾವಳಿಯ ಹಿಂದುಮುಂದಿನ ತಿಂಗಳುಗಳಲ್ಲಿ, ಅಡಿಕೆ ಸುಲಿದು ಮುಗಿಸಿದ ಹೆಂಗಸರು ರಾತ್ರಿ ಹನ್ನೆರಡಕ್ಕೆ, ಒಂದಕ್ಕೆ, ಕೈಯಲ್ಲೊಂದು ಬ್ಯಾಟರಿ ಹಿಡಿದು ಇದೇ ಗದ್ದೆಯಂಚಿನ ಮೇಲೆ ತಮ್ಮ ಕೇರಿಗೆ ನಡೆದು ಹೋಗುತ್ತಾರೆ. ನನಗೆ ತಿಳಿದ ಮಟ್ಟಿಗೆ ಅದು ಶೋಭೆಯಲ್ಲವೆಂದು ನಮ್ಮ ಯಾವ ಜಗುಲಿಯಲ್ಲೂ ಯಾರೂ ಈವರೆಗೆ ಹೇಳಿಲ್ಲ.

ಭೂಮಿ ಹುಣ್ಣಿಮೆ ಕಳೆದ ಮಾರನೆಯ ದಿನದಿಂದ ನಮ್ಮ ಊರಿನ ಹಳೆಯ ಶಾಲೆಯ ಜಗುಲಿಯಲ್ಲಿ ಮೇಳದವರ ಪದದ ಅಭ್ಯಾಸ ಶುರುವಾಗುತ್ತದೆ. ಕಳೆದ ವರ್ಷ ಗೊಣಗಿದ್ದ ಹಿರಿಯ ಹಾಡುಗಾರರೊಬ್ಬರೇ ಈ ಸಲ ಹುಡುಗಿಯರಿಗೆ ಪದ ಹೇಳಿಕೊಡಲು ಒಪ್ಪಿದ್ದಾರೆ, ಆದರೆ ಧಾಟಿ ತಪ್ಪಿದರೆ ಎದ್ದು ಹೋಗುತ್ತೇನೆಂದು ಷರತ್ತು ಹಾಕಿದ್ದಾರಂತೆ. ಪಕ್ಕದ ಎರಡು ಊರಿನವರೂ ಇದೇ ರೀತಿ ಮೇಳ ಕಟ್ಟುವ ಮಾತಾಡುತ್ತಿದ್ದಾರೆ. ಅವರಿಗೆ ರಸೀದಿ ಪುಸ್ತಕದ ಮಾದರಿ, ಖರ್ಚಿನ ಪಟ್ಟಿಯ ಮಾದರಿ ಬೇಕಿದ್ದರೆ ನಮ್ಮೂರಿನ ಡೈರಿಯ ಹಲಗೆಯ ಮೇಲೆ ನೋಡಿಕೊಂಡು ಹೋಗಬಹುದು. ಹಬ್ಬಕ್ಕೆ ಮೊದಲೇ ಈ ಪತ್ರ ಪ್ರಕಟವಾದರೆ ಅವರಿಗೆ ಅನುಕೂಲವಾಗುತ್ತದೆ ಎಂದು ವಿನಂತಿಸಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಾಲಾ ಶಿಕ್ಷಕಿ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ